ಕಚ್ಚುವ ಅನಾನಸ್

ಕಳೆದ ವಸಂತದಲ್ಲಿ ನಮ್ಮ ವಸತಿ ಸಮುಚ್ಚಯದ ಡುಗ್ನಾಡ್ ಇತ್ತು. ಅಂಗಳ ಗುಡಿಸಿ, ಬೇಲಿಗೆ ಬಣ್ಣ ಬಳಿದು, ಕೊನೆಗೆ ಎಲ್ಲರೂ ಕೂಡಿ ತಿನ್ನುವ ನಾರ್ವೆಯ ಶ್ರಮದಾನ. ನಾನು ಅನಾನಸ್ ಕೇಸರಿಬಾತ್ ಒಯ್ದಿದ್ದೆ. ಯಾರಿಗಾದರೂ ಅಲರ್ಜಿ ಇದ್ದೀತೆಂದು ಏನೇನು ಹಾಕಿದೆ ಎಂಬ ಚೀಟಿಯನ್ನೂ ಇಟ್ಟಿದ್ದೆ: ರವೆ, ತುಪ್ಪ, ಗೋಡಂಬಿ, 'ಅನಾನಸ್ ಬೀಟರ್'. ಮೂರನೆಯ ಮಹಡಿಯ ಅಜ್ಜಿ ಅದನ್ನು ಓದಿ, ಚಾಚಿದ ಚಮಚವನ್ನು ಹಿಂದಕ್ಕೆಳೆದುಕೊಂಡು, "ಜೋರಾಗಿ ಕಚ್ಚುತ್ತದೆಯೇ?" ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ಟ್ರೊಂಡ್‌ಹೈಮ್‌ಗೆ ಬಂದು ಏಳು ವರ್ಷವಾದ ನಾನು ಮಾತ್ರ ಪೆಚ್ಚಾದೆ.

'ಬೀಟರ್' ಎಂದರೆ ಚೂರುಗಳು. 'ಕಚ್ಚುತ್ತದೆ' ಎಂದೂ ಆಗುತ್ತದೆ. ಕೂಡಿಸಿ ಬರೆದರೆ ಹಣ್ಣಿನ ಚೂರು, ನಡುವೆ ಜಾಗ ಬಿಟ್ಟರೆ ಕಚ್ಚುವ ಹಣ್ಣು. ನಾರ್ವೇಜಿಯನ್ನರು ಎರಡು ನಾಮಪದಗಳನ್ನು ಸೇರಿಸಿದರೆ ಒಂದೇ ಪದವಾಗಿ ಬರೆಯುತ್ತಾರೆ, ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಲಿಂಗವನ್ನು ಕೊನೆಯ ಪದ ನಿರ್ಧರಿಸುತ್ತದೆ. 'ಬಾರ್ನ್' ನಪುಂಸಕ, 'ಹಾಗೆ' ಪುಲ್ಲಿಂಗ. ಆದ್ದರಿಂದ 'ಬಾರ್ನೆಹಾಗೆ', ಅಂದರೆ ಮಕ್ಕಳ ತೋಟ, ನಮ್ಮ ಶಿಶುವಿಹಾರ, ಪುಲ್ಲಿಂಗ. ಅಪ್ಪಟ ತತ್ಪುರುಷ!

ನಡುವೆ ನುಸುಳಿರುವ ಆ 'ಎ' ನಮ್ಮ ಆಗಮದ ದಾಯಾದಿ. ಕೆಲವೆಡೆ ಅದರ ಬದಲು 'ಸ್' ಬರುತ್ತದೆ. ಎಲ್ಲಿ ಯಾವುದು ಎಂಬುದಕ್ಕೆ ಕಿವಿಯೇ ಗುರು. ನನ್ನ ಕಿವಿ ಕೈಕೊಟ್ಟದ್ದೂ ಉಂಟು: ಮೈಸೂರಿನ ಗೆಳೆಯನನ್ನು ಕಚೇರಿಯಲ್ಲಿ 'ಲಾಂಡ್ಸ್‌ಮಾನ್', ಅಂದರೆ ನಮ್ಮ ದೇಶದವನು, ಎಂದು ಪರಿಚಯಿಸಲು ಹೋಗಿ 'ಲಾಂಡ್‌ಮಾನ್' ಎಂದೆ. ಕಂಪ್ಯೂಟರ್ ಎಂಜಿನಿಯರ್ ಒಂದೇ ಕ್ಷಣದಲ್ಲಿ ರೈತನಾದ.

ನನ್ನನ್ನು ಮರುಳು ಮಾಡಿದ್ದು ಮಾತ್ರ ಬಸ್ ನಿಲ್ದಾಣ. 'ಬುಸ್' ಪದದ ಕೊನೆಗೆ ಎರಡು 'ಸ್', 'ಸ್ಟೊಪ್' ಪದದ ಮೊದಲಿಗೆ ಒಂದು. ಸೇರಿಸಿದಾಗ ಮೂರರಲ್ಲಿ ಒಂದನ್ನು ಬಿಡುತ್ತಾರೆ. ಆದರೆ ಸಾಲಿನ ಕೊನೆಯಲ್ಲಿ ಆ ಪದವನ್ನು ಮುರಿಯಬೇಕಾಗಿ ಬಂದರೆ, ಬಿಟ್ಟುಹೋದ ಮೂರನೆಯ 'ಸ್' ತಪ್ಪದೆ ಮರಳುತ್ತದೆ. ಮಗಳ ಮನೆಪಾಠದಲ್ಲಿ ಇದನ್ನು ಕಂಡಾಗ ಏಳನೆಯ ತರಗತಿಯ ಕನ್ನಡ ಮೇಷ್ಟ್ರು ಎದುರಿಗೆ ನಿಂತಂತಾಯಿತು. 'ಊರೂರು' ಬಿಡಿಸಿ ಬರೆಯಿರಿ. ಊರು + ಊರು, ಲೋಪಸಂಧಿ, ಎರಡು ಅಂಕ.

ನಮ್ಮಲ್ಲಿ ಆ ವಿದ್ಯೆ ಪರೀಕ್ಷೆಗಷ್ಟೇ ಮುಗಿಯಿತು. ಊರಿಗೆ ಹೋದಾಗಲೆಲ್ಲ ಫಲಕಗಳನ್ನು ನೋಡಿ ಮೈ ಪರಚಿಕೊಳ್ಳುವಂತಾಗುತ್ತದೆ. 'ವಾಹನ ನಿಲ್ಲಿಸ ಬಾರದು.' ಆ 'ಬಾರದು' ಯಾರಿಗೆ ಬೇಡವಾಗಿ ದೂರ ನಿಂತಿದೆ? ಪತ್ರಿಕೆಯ ಅಂಕಣದಲ್ಲಿ ಜಾಗ ಮುಗಿದ ಕಡೆ ಪದ ಮುರಿಯುತ್ತದೆ. ಅಡ್ಡಗೆರೆಯೂ ಇಲ್ಲ, ಹೇಳುವವರೂ ಇಲ್ಲ.

ಹಾಗೆ ಮುರಿದರೂ ಓದಿಗೆ ಅಷ್ಟೇನೂ ತೊಡಕಾಗುವುದಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಬೇಕು. ನಮ್ಮ ಅಕ್ಷರವೇ ಒಂದು ಉಚ್ಚಾರದ ತುಂಡು. 'ಮಳೆಗಾಲ'ದಲ್ಲಿ ಕ ಗ ಆಗಿರುವುದೇ ಸೇರಿದ್ದಕ್ಕೆ ಸಾಕ್ಷಿ. ಜಾಗ ಬಿಟ್ಟರೂ ನಂಟು ಕಳಚುವುದಿಲ್ಲ. 'ಚಿಕ್ಕಪ್ಪ'ನನ್ನು ಯಾರೂ ಚಿಕ್ಕ ಗಾತ್ರದ ಅಪ್ಪ ಎಂದುಕೊಳ್ಳುವುದಿಲ್ಲ. ಇಲ್ಲಿನವರೂ ಸಾಚಾಗಳಲ್ಲ. ಕೂಡಬೇಕಾದ ಪದಗಳನ್ನು ಬಿಡಿಸಿ ಬರೆಯುವ ತಪ್ಪಿಗೆ 'ಸ್ಯಾರ್‌ಸ್ಕ್ರೀವಿಂಗ್' ಎಂಬ ಹೆಸರನ್ನೇ ಇಟ್ಟಿದ್ದಾರೆ, ಇಂಗ್ಲಿಷಿನ ಮೇಲೆ ದೂರು ಹಾಕುತ್ತಾರೆ. ಅಂಗಡಿಯೊಂದರಲ್ಲಿ ನನ್ನದೇ ಅನಾನಸ್ ಹೀಗೆಯೇ ಕಚ್ಚುತ್ತಿರುವುದನ್ನು ಕಂಡು ಫೋಟೊ ತೆಗೆದಿಟ್ಟುಕೊಂಡಿದ್ದೇನೆ.

ಈ ವರ್ಷ ಚೀಟಿಯಲ್ಲಿ ಪದವನ್ನು ಕೂಡಿಸಿಯೇ ಬರೆದೆ. ಅಜ್ಜಿ ಓದಿ ತಲೆದೂಗಿ, ತಿಂಡಿಯ ಹೆಸರಿಗೆ ಅರ್ಥ ಕೇಳಿದರು. ಕೇಸರಿ ಎಂದರೆ ಬಣ್ಣದ ಹೆಸರು, ಸಿಂಹವೂ ಹೌದು ಎಂದೆ. ಅವರು ತಟ್ಟೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.