ಊದುಬತ್ತಿ ಹಿಡಿದು ಸಂದಿ ಹುಡುಕುವುದು

ಅಕ್ಟೋಬರ್ ಬಂದರೆ ಅಮೆರಿಕದ ಮಿನ್ನಿಯಾಪೊಲಿಸ್‌ನ ನಮ್ಮ ಮನೆಯಲ್ಲಿ ಊದುಬತ್ತಿ ಹಚ್ಚಿಕೊಂಡು ಕಿಟಕಿಯಿಂದ ಕಿಟಕಿಗೆ ತಿರುಗುತ್ತೇನೆ. ದೇವರಿಗಲ್ಲ. ಹೊಗೆ ನೆಟ್ಟಗೆ ಏರಿದರೆ ಸರಿ, ಅಡ್ಡಕ್ಕೆ ವಾಲಿದರೆ ಅಲ್ಲೊಂದು ಸಂದಿಯಿದೆ. 2019ರ ಜನವರಿಯಲ್ಲಿ ಇಲ್ಲಿ ಮೈನಸ್ 33 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಅಂಥ ರಾತ್ರಿ ಬೆರಳಗಲದ ಸಂದಿಯೂ ಮನೆ ಬಿಸಿ ಮಾಡುವ ಫರ್ನೇಸಿನ ಗ್ಯಾಸ್ ಬಿಲ್ಲಿಗೆ ತೆರೆದ ಬಾಗಿಲೇ.

ಶಿರಸಿಯ ನಮ್ಮ ಮನೆಯಲ್ಲಿ ಇದೇ ಗಡಿಬಿಡಿ ಮೇ ತಿಂಗಳಿನದು. ಹಂಚು ಕೈಯಾಡಿಸಬೇಕು, ಜಗಲಿಗೆ ಇರಚಲು ಹೊಡೆಯದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟಬೇಕು, ಕಟ್ಟಿಗೆ ಒಳಗೆ ಪೇರಿಸಬೇಕು. ಅಪ್ಪನಿಗೆ ನೀರು ಒಳಗೆ ಬರಬಾರದು ಅಷ್ಟೆ, ಗಾಳಿ ಬೇಕೇ ಬೇಕು. ಇಲ್ಲದಿದ್ದರೆ ಒಲೆಯ ಹೊಗೆ ಹೋಗುವುದೆಲ್ಲಿಂದ, ಅಡಿಕೆಗೆ ಬೂಸಲು ಬಾರದೆ ಇರುವುದು ಹೇಗೆ? ಇಲ್ಲಿ ಮಿನ್ನಿಯಾಪೊಲಿಸ್‌ನಲ್ಲೋ, ಗಾಳಿಯೇ ಕಳ್ಳ.

ಮೊದಲ ವರ್ಷ ಗುತ್ತಿಗೆದಾರನೊಬ್ಬ ಕಿಟಕಿಗಳನ್ನೆಲ್ಲ ಬದಲಿಸಲು ಸಾವಿರಾರು ಡಾಲರ್ ಹೇಳಿದ. ನಾನು ಬಾಗಿಲಂಚಿಗೆ ರಬ್ಬರ್ ಪಟ್ಟಿ ಅಂಟಿಸಿದೆ, ಚೌಕಟ್ಟಿನ ಬಿರುಕಿಗೆ ಮೇಣದಂಥ ಅಂಟು ತುಂಬಿದೆ, ಕಿಟಕಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಚ್ಚಿ ಕೂದಲೊಣಗಿಸುವ ಯಂತ್ರದಿಂದ ಬಿಗಿ ಮಾಡಿದೆ. ಗಾಜಿಗೂ ಹಾಳೆಗೂ ನಡುವೆ ಸಿಕ್ಕಿಬಿದ್ದ ಗಾಳಿ ಕಂಬಳಿಯ ಕೆಲಸ ಮಾಡುತ್ತದೆ. ಆಮೇಲೆ ಅಟ್ಟಕ್ಕೆ ಗಾಜಿನ ನಾರಿನ ದಪ್ಪ ಹಾಸು. ಅದನ್ನು ಹಾಸುವಾಗ ನೆನಪಾದದ್ದು ಅಜ್ಜನ ಮನೆಯ ಮಣ್ಣಿನ ಮುಚ್ಚಿಗೆ. ಅದು ಬೇಸಿಗೆಯ ಕಾವನ್ನು ತಡೆಯುತ್ತಿತ್ತು, ಇದು ಒಳಗಿನ ಕಾವನ್ನು ಹಿಡಿದಿಡುತ್ತದೆ. ಮನೆ ಇಷ್ಟು ಬಿಗಿಯಾದ ಮೇಲೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿದರೆ ಎಚ್ಚರಿಸುವ ಯಂತ್ರ ಇಲ್ಲದೆ ಮಲಗಬಾರದು ಎಂಬುದನ್ನೂ ಹೇಳಿಬಿಡುತ್ತೇನೆ.

ದಿನಕ್ಕೆ ಎಂಟು ಗಂಟೆ, ಮನೆಯ ಬಿಸಿ ಎಷ್ಟಿರಬೇಕೆಂದು ನಿಗದಿ ಮಾಡುವ ಥರ್ಮೋಸ್ಟಾಟನ್ನು 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್ ಇಳಿಸಿಟ್ಟರೆ ಮನೆಯನ್ನು ಬಿಸಿ, ತಂಪು ಮಾಡುವ ವರ್ಷದ ಖರ್ಚಿನಲ್ಲಿ ಶೇಕಡ 10ರವರೆಗೆ ಉಳಿಯಬಹುದು ಎನ್ನುತ್ತದೆ ಅಮೆರಿಕದ ಇಂಧನ ಇಲಾಖೆ. ಆದರೂ ನಮ್ಮವರು ಹಲವರು ಜನವರಿಯಲ್ಲಿ ಮನೆಯೊಳಗೆ ಅರ್ಧ ತೋಳಿನ ಅಂಗಿಯಲ್ಲೇ ಇರುತ್ತಾರೆ. ಸ್ವೆಟರ್ ಹಾಕಿಕೊಂಡರೆ ಬಡತನ ಕಂಡೀತೆಂಬ ಭಯವೋ ಏನೋ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ತಮ್ಮನಿಗೂ ಇದೇ ಉಳಿತಾಯದ ಉಪದೇಶ ಮಾಡಿದೆ. ಅಂಗಳದಲ್ಲಿ ಅಡಿಕೆ ಸಿಪ್ಪೆ ರಾಶಿ ಬಿದ್ದಿದೆ, ಬಚ್ಚಲಿನ ಹಂಡೆ ಖಾಲಿ, ಸ್ನಾನಕ್ಕೆ ಗೀಸರ್!

"ಐದು ಗಂಟೆಗೆದ್ದು ಉರಿ ಹಾಕುವವರು ಯಾರು ಅಣ್ಣ?" ಎಂದ.

ನಾನು ಸುಮ್ಮನಾದೆ. ಮಿನ್ನಿಯಾಪೊಲಿಸ್‌ನಲ್ಲಿ ನನ್ನ ಫರ್ನೇಸ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ.