ಸತ್ಯಾಂಶ: ಯುಎಇಯ ದಿರ್ಹಂ ನಾಳೆ ರದ್ದಿ ಕಾಗದವಾಗುತ್ತಾ?

"ಗಲ್ಫ್ ದೇಶಗಳೆಲ್ಲ ಯೂರೋಪಿನ ಯೂರೋ ಥರ ಒಂದೇ ನೋಟಿಗೆ ಬರುತ್ತಿವೆ, ದಿರ್ಹಂ ಬೇಗ ಮಾರಿಬಿಡಿ." ಈ ವಾಟ್ಸಾಪ್ ಸಂದೇಶ ಓದಿ ಕುಂಬಳೆಯ ನಮ್ಮ ಮಾವ ಹಳೇ ಬಿಸ್ಕತ್ ಡಬ್ಬಿ ತೆಗೆದು ನೋಟು ಎಣಿಸಲು ಕೂತೇಬಿಟ್ಟರು.

ಯೋಜನೆ ಇದ್ದದ್ದು ನಿಜ. 2010ರೊಳಗೆ ಒಂದೇ ನಾಣ್ಯ ತರಬೇಕು ಅಂದುಕೊಂಡಿದ್ದರು. ಒಮಾನ್ ಮೊದಲೇ ಹಿಂದೆ ಸರಿಯಿತು. 2009ರಲ್ಲಿ ಯುಎಇ ಕೂಡ ಕೈಬಿಟ್ಟಿತು. ದಿರ್ಹಂನ ದೇಶವೇ ಆ ಕೂಟದಲ್ಲಿಲ್ಲ!

ಇನ್ನು, ನೋಟು ಬದಲಾದರೂ ದುಡ್ಡು ಸುಮ್ನೆ ಮಾಯವಾಗಲ್ಲ. ಜರ್ಮನಿಯಲ್ಲಿ 2002ರಲ್ಲಿ ಯೂರೋ ನೋಟು ಬಂತು. ಅದಕ್ಕೂ ಮುಂಚಿನ ಹಣವಾದ ಮಾರ್ಕನ್ನು ಅಲ್ಲಿನ ಕೇಂದ್ರ ಬ್ಯಾಂಕ್ ಇವತ್ತಿಗೂ ಬದಲಿಸಿಕೊಡುತ್ತದೆ, 1 ಯೂರೋಗೆ 1.95583 ಮಾರ್ಕ್ ಲೆಕ್ಕದಲ್ಲಿ.

ಹಲವು ದೇಶಕ್ಕೆ ಒಂದೇ ನಾಣ್ಯ ಅಂದರೆ ನಿಜವಾದ ಕಷ್ಟ ಬೇರೆ. 2010ರಲ್ಲಿ ಯೂರೋ ಬಳಸುವ ಗ್ರೀಸ್ ಸಾಲದಲ್ಲಿ ಮುಳುಗಿದಾಗ, ತನ್ನ ನಾಣ್ಯದ ಬೆಲೆ ಇಳಿಸಿ ಸರಕು, ಪ್ರವಾಸವನ್ನು ಅಗ್ಗ ಮಾಡಿಕೊಳ್ಳುವ ದಾರಿ ಇರಲಿಲ್ಲ. ಬಡ್ಡಿದರ ನಿಗದಿಯಾಗುವುದೂ ಗ್ರೀಸಿನಲ್ಲಲ್ಲ, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿರುವ ಯೂರೋಪಿನ ಕೇಂದ್ರ ಬ್ಯಾಂಕಿನಲ್ಲಿ. ಕೊನೆಗೆ ಸಂಬಳ, ಪಿಂಚಣಿಗೇ ಕತ್ತರಿ ಬಿತ್ತು. ಲಾಭವೂ ಇದೆ, ಗಡಿ ದಾಟುವಾಗ ನೋಟು ವಿನಿಮಯಕ್ಕೆ ಕಮಿಷನ್ ಕೊಡಬೇಕಿಲ್ಲ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟುವ ನಮಗೆ ಆ ತಲೆನೋವೇ ಗೊತ್ತಿಲ್ಲ ಅಲ್ವಾ? ಆದರೂ ಸ್ವೀಡನ್ ಜನ 2003ರಲ್ಲಿ ಓಟು ಹಾಕಿ ಯೂರೋ ಬೇಡ ಅಂದರು.

ಮಾವನ ಡಬ್ಬಿ ಮತ್ತೆ ಕಪಾಟು ಸೇರಿದೆ.