ಕೆಂಪು ರಕ್ತಕಣವನ್ನು ಮರೆತ ವಾಕ್ಯ

ಜೀವಕೋಶ ಮತ್ತು ಅಂಗವ್ಯೂಹಗಳ ಪಾಠಗಳನ್ನು ಓದಿಕೊಳ್ಳುವ ಬಗ್ಗೆ ನೀವು ಪ್ರಕಟಿಸಿದ ಲೇಖನ, ಪರೀಕ್ಷೆಗೆ ಮುನ್ನ ಪುನರ್ಮನನ ಮಾಡಿಕೊಳ್ಳುವವರಿಗೆ ಉಪಯುಕ್ತವೇ ಸರಿ. ಆದರೆ ‘ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲೂ ಕೋಶಕೇಂದ್ರ ಮತ್ತು ಮೈಟೊಕಾಂಡ್ರಿಯ ಇರುತ್ತವೆ’ ಎಂಬ ಮಾತನ್ನು ಒಪ್ಪಲಾಗದು. ನಮ್ಮ ಜೀವಕೋಶಗಳಲ್ಲಿ ಸಂಖ್ಯೆಯಿಂದ ಎಲ್ಲಕ್ಕಿಂತ ಹೆಚ್ಚಿರುವ ಪಕ್ವ ಕೆಂಪು ರಕ್ತಕಣದಲ್ಲೇ ವಂಶವಾಹಿಗಳನ್ನು ಹೊತ್ತ ಕೋಶಕೇಂದ್ರವೂ ಇಲ್ಲ, ಆಮ್ಲಜನಕ ಬಳಸಿ ಶಕ್ತಿ ಒದಗಿಸುವ ಮೈಟೊಕಾಂಡ್ರಿಯವೂ ಇಲ್ಲ. ಮೂಳೆಮಜ್ಜೆಯಲ್ಲಿ ಬೆಳೆಯುವಾಗಲೇ ಅದು ಕೋಶಕೇಂದ್ರವನ್ನು ಹೊರದೂಡಿ, ಮುಂದೆ ಉಳಿದ ಕಣದಂಗಗಳನ್ನೂ (ಕೋಶದೊಳಗಿನ ಪುಟ್ಟ ರಚನೆಗಳು) ಕಳೆದುಕೊಂಡು, 7ರಿಂದ 8 ಮೈಕ್ರೊಮೀಟರ್ ಅಗಲದ, ಎರಡೂ ಬದಿ ತಗ್ಗಾದ, ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ತುಂಬಿದ ಬಿಲ್ಲೆಯಾಗುತ್ತದೆ. ತನಗಿಂತ ಕಿರಿದಾದ ಲೋಮನಾಳದಲ್ಲೂ (ಅತಿ ಸೂಕ್ಷ್ಮ ರಕ್ತನಾಳ) ಬಾಗಿ ನುಸುಳುತ್ತದೆ. ಮೈಟೊಕಾಂಡ್ರಿಯ ಇಲ್ಲದ ಕಾರಣ ತಾನು ಹೊತ್ತೊಯ್ಯುವ ಆಮ್ಲಜನಕವನ್ನು ಶಕ್ತಿಗಾಗಿ ತಾನೇ ಬಳಸದೆ, ಗ್ಲೂಕೋಸನ್ನು ಲ್ಯಾಕ್ಟೇಟ್ ಆಗಿಸಿ ಬದುಕುತ್ತದೆ. ಆ ಲ್ಯಾಕ್ಟೇಟನ್ನು ಯಕೃತ್ತು ಮತ್ತೆ ಗ್ಲೂಕೋಸಾಗಿ ಪರಿವರ್ತಿಸುತ್ತದೆ. ಹೊಸ ಪ್ರೋಟೀನು ತಯಾರಿಸಿ ತನ್ನನ್ನು ದುರಸ್ತಿ ಮಾಡಿಕೊಳ್ಳಲಾಗದ ಈ ಕಣ ಸುಮಾರು 120 ದಿನ ಬಾಳಿ, ಬಹುಪಾಲು ಗುಲ್ಮ (ಸ್ಪ್ಲೀನ್) ಮತ್ತು ಯಕೃತ್ತಿನಲ್ಲಿ ವಿಘಟನೆಯಾಗುತ್ತದೆ.

ಆದ್ದರಿಂದ ‘ಜೀವಕೋಶದ ಪಾಠ ಒಂದು ದಿನ, ಅಂಗವ್ಯೂಹಗಳ ಪಾಠ ಇನ್ನೊಂದು ದಿನ’ ಎಂಬ ಲೇಖಕರ ಸಲಹೆಯೂ ನನಗೆ ಹಿಡಿಸಲಿಲ್ಲ; ಈ ಒಂದೇ ಕಣವನ್ನು ಹಿಂಬಾಲಿಸಿದರೆ ಮಜ್ಜೆ, ಶ್ವಾಸಕೋಶ, ಯಕೃತ್ತು, ಗುಲ್ಮ ಎಲ್ಲವೂ ಎದುರಾಗುತ್ತವೆ. (ಕಪ್ಪೆ ಮತ್ತು ಹಕ್ಕಿಗಳ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರ ಉಂಟು, ಗೊಂದಲ ಅಲ್ಲಿಂದಲೇ ಬಂದಿರಬಹುದು.) ಲೇಖನದ ಚಿತ್ರದಲ್ಲಿ ರಕ್ತಕಣದ ನಡುವಿನ ತಿಳಿಬಣ್ಣದ ವೃತ್ತವನ್ನು ಕೋಶಕೇಂದ್ರವೆಂದು ಗುರುತಿಸಲಾಗಿದೆ, ಅಲ್ಲಿ ಕಣ ತೆಳುವಾಗಿರುವುದರಿಂದ ಬಣ್ಣ ಮಸುಕಾಗಿ ಕಾಣುತ್ತದೆಯಷ್ಟೇ. ಸಂಪಾದಕರು ದಯವಿಟ್ಟು ಅದನ್ನು ತಿದ್ದಬೇಕು.